ಹೆಸರು ಟ್ರಂಕಿನಲ್ಲಿ, ಉತ್ತರ ಫೋನಿನಲ್ಲಿ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ, ನಾಲ್ಕು ಸಂಸ್ಥೆ, ಹೆಚ್ಚುಕಡಿಮೆ ಸಾವಿರದ ನೂರು ಮನೆ. ತೊಗರಿ ರಾಶಿ ಮುಗಿಸಿ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳ ಊಟ, ತೂಕದ ಅಧ್ಯಯನ. ಎರಡು ಸುತ್ತು. ಮೊದಲ ಸುತ್ತಿನಲ್ಲಿ ತೂಗಿದ ಮಗುವನ್ನೇ ಎರಡನೇ ಸುತ್ತಿನಲ್ಲಿ ಹುಡುಕಿ ಜೋಡಿಸಬೇಕು. ಆದರೆ ನಾಲ್ಕರಲ್ಲಿ ಮೂರು ಸಂಸ್ಥೆಗಳಿಗೆ ಆ ಮಗುವಿನ ಹೆಸರು ಗೊತ್ತಾಗಬಾರದು.

ಇದನ್ನು ರಟ್ಟಿನ ರಿಜಿಸ್ಟರು, ಕಬ್ಬಿಣದ ಟ್ರಂಕು, ಸ್ಟಿಕರ್ ಹಾಳೆ ಇಟ್ಟುಕೊಂಡು ಮಾಡುತ್ತೇವೆ ಅಂದಾಗ ಜೊತೆಗಿದ್ದ ಸಂಸ್ಥೆಯೊಂದರವರು ನಕ್ಕರು. "ಈ ಕಾಲದಾಗ ರಿಜಿಸ್ಟರ್ ಏನ್ರಿ ಸರ?" ಅವರು ತರಿಸಿದ ಸಾಫ್ಟ್‌ವೇರ್ ಕೊಟೇಷನ್ ಮೂರು ಲಕ್ಷದ ಮೇಲಿತ್ತು. ನಮ್ಮ ಸಾಮಾನಿನ ಖರ್ಚು, ಫೋನು ಬಿಟ್ಟು, ಹದಿನಾಲ್ಕು ಸಾವಿರ ದಾಟಲಿಲ್ಲ. ಎರಡನೇ ಸುತ್ತು ಮುಗಿದಾಗ ನಂಬರ್ ತಪ್ಪಿ ಜೋಡಿಯಾಗದ ಫಾರ್ಮು ಒಂದೂ ಇರಲಿಲ್ಲ. ಊರಲ್ಲೇ ಸಿಗದ ಮನೆಗಳು ಎಪ್ಪತ್ತು-ಎಂಬತ್ತು, ಅದು ಬೇರೆ ಮಾತು.

ಕೆಲಸದ ರೀತಿ ಇಷ್ಟೇ. ತಂಡಕ್ಕೆ ಇಬ್ಬರು. ಒಬ್ಬರು ಹೆಸರು ಬರೆದು ಒಪ್ಪಿಗೆ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಪ್ರಶ್ನೆ ಕೇಳುತ್ತಾರೆ. ಬಸ್ ಟಿಕೆಟ್ಟಿನಂತೆ ನಡುವೆ ತೂತು ಹೊಡೆದ ಚೀಟಿ. ಎಡ ಅರ್ಧದಲ್ಲಿ ಹೆಸರು, ಊರು, ನಂಬರ್. ಬಲ ಅರ್ಧದಲ್ಲಿ ನಂಬರ್ ಮಾತ್ರ. ಬಲ ಅರ್ಧ ನೋಡಿ ಫೋನಿನಲ್ಲಿ ನಂಬರ್ ಹೊಡೆದು, ಫಾರ್ಮು ಹೋದ ಮೇಲೆ ಹರಿದು ಹಾಕುವುದು. ಎಡ ಅರ್ಧ ಸಂಜೆ ಲಕೋಟೆ ಸೇರಿ, ಅರಗು ಬಿದ್ದು, ಕಲಬುರಗಿಯ ಟ್ರಂಕಿಗೆ. ಅಲ್ಲಿ ಒಬ್ಬರೇ ರಿಜಿಸ್ಟರ್ ತುಂಬುತ್ತಾರೆ. ರಿಜಿಸ್ಟರ್ ಹಳ್ಳಿಗೆ ಹೋಗುವುದೇ ಇಲ್ಲ. ಬಸ್ಸಿನ ಸೀಟಿನ ಮೇಲೆ ಮರೆತು ಬಂದರೆ ಅಧ್ಯಯನವೇ ಮುಗೀತು. ಎರಡನೇ ಸುತ್ತಿಗೆ ಅದೇ ರಿಜಿಸ್ಟರ್ ನೋಡಿ ಹೊಸ ಚೀಟಿ ಬರೆದು ಕಳಿಸುವುದು. ಪ್ರಶ್ನೆ ಕೇಳುವವರು ಬೇರೆ ತಾಲೂಕಿನವರೇ ಆಗಬೇಕು. ಚಿತ್ತಾಪುರದ ಹುಡುಗಿ ಆಳಂದಕ್ಕೆ, ಆಳಂದದವಳು ಸುರಪುರಕ್ಕೆ. ಎರಡನೆಯವರ ದಿನಗೂಲಿ, ಬಸ್ ಚಾರ್ಜು ಸೇರಿ ಸುತ್ತಿಗೆ ಲಕ್ಷದ ಹತ್ತಿರ ಬಂತು. ನಿಜವಾದ ಖರ್ಚು ಅದೇ, ಮುಚ್ಚಿಡುವುದಿಲ್ಲ. ಎರಡೂ ಸುತ್ತು ಕೂಡಿಸಿದರೂ ಕೊಟೇಷನ್ನಿಗಿಂತ ಕಡಿಮೆ, ಮತ್ತು ದುಡ್ಡು ಇಲ್ಲಿನವರ ಕೈಗೇ ಹೋಯಿತು.

ಮೊದಲು ಕೆಟ್ಟದ್ದು ನಂಬರು. ಪ್ರಯೋಗದ ಸುತ್ತಿನಲ್ಲಿ ಬರೀ ನಾಲ್ಕು ಅಂಕಿ ಕೊಟ್ಟಿದ್ದೆವು. ಇನ್ನೂರು ಫಾರ್ಮಿನಲ್ಲಿ ಹನ್ನೊಂದೋ ಹನ್ನೆರಡೋ ಅನಾಥವಾದವು. ಒಂದನ್ನು ಏಳು ಅಂತ ಓದಿದ್ದು, ಪಕ್ಕದ ಎರಡು ಅಂಕಿ ಅದಲುಬದಲಾದದ್ದು, ಕನ್ನಡ ಅಂಕಿಯಲ್ಲಿ ಬರೆದ ೧ ಸೊನ್ನೆಯಾದದ್ದು, ೬ ಮತ್ತು ೯ ಒಂದೇ ಆದದ್ದು. ಆಮೇಲೆ ಐದನೇ ಅಂಕಿಯಾಗಿ ತಪಾಸಣೆ ಅಂಕಿ ಸೇರಿಸಿದೆವು, ಬ್ಯಾಂಕ್ ಕಾರ್ಡಿನಲ್ಲಿ ಬಳಸುವ ಲೂನ್ ವಿಧಾನದ್ದು. 4072 ತೆಗೆದುಕೊಳ್ಳಿ. ಬಲದಿಂದ ಒಂದು ಬಿಟ್ಟು ಒಂದು ಅಂಕಿ ಇಮ್ಮಡಿ: 2 ಆಗುತ್ತದೆ 4, 7 ಹಾಗೇ, 0 ಆಗುತ್ತದೆ 0, 4 ಹಾಗೇ. ಕೂಡಿದರೆ 15. ಮುಂದಿನ ಹತ್ತಕ್ಕೆ, ಅಂದರೆ 20ಕ್ಕೆ, ಐದು ಬೇಕು. ನಂಬರ್ 40725. ಯಾರಾದರೂ 47025 ಅಂತ ಹೊಡೆದರೆ? 2 ಆಗುತ್ತದೆ 4, 0 ಹಾಗೇ, 7 ಇಮ್ಮಡಿಯಾಗಿ 14, ಎರಡಂಕಿ ಬಂದದ್ದರಿಂದ ಒಂಬತ್ತು ಕಳೆದು 5, ಮೇಲೆ 4. ಮೊತ್ತ 13, ಕೊನೆಗೆ 7 ಇರಬೇಕಿತ್ತು. ಫೋನು ಮುಂದಕ್ಕೆ ಬಿಡುವುದಿಲ್ಲ. ಒಂದೇ ಅಂಕಿ ತಪ್ಪಾದರೆ ಲೂನ್ ಬಿಡದೆ ಹಿಡಿಯುತ್ತದೆ. ಪಕ್ಕಪಕ್ಕದ ಅದಲುಬದಲಿನಲ್ಲಿ ಮಾತ್ರ ಒಂದು ಕಿಂಡಿ ಇದೆ: 09 ಮತ್ತು 90. 4092ಕ್ಕೂ 4902ಕ್ಕೂ ಕೊನೆಯ ಅಂಕಿ ಮೂರೇ ಬರುತ್ತದೆ. ಬೇಕಾದರೆ ಮಾಡಿ ನೋಡಿ. ವೆರ್ಹೋಫ್ ಅನ್ನುವ ಇನ್ನೊಂದು ತಪಾಸಣೆ ವಿಧಾನದಲ್ಲಿ ಈ ಕಿಂಡಿ ಇಲ್ಲ, ಆದರೆ ಅದನ್ನು ಫಾರ್ಮಿನ ಎಕ್ಸೆಲ್ ಹಾಳೆಯಲ್ಲಿ ಬರೆಯುವುದು ತಲೆನೋವು. ನಾವು ಸೊನ್ನೆ, ಒಂಬತ್ತು ಅಕ್ಕಪಕ್ಕ ಬರುವ ನಂಬರುಗಳನ್ನೇ ಪಟ್ಟಿಯಿಂದ ಕಿತ್ತು ಹಾಕಿದೆವು. ತಪಾಸಣೆ ಅಂಕಿಯೂ ಸೇರಿ ಹಾಗೆ ಬಂದರೆ ಅದೂ ಬೇಡ.

ನಂಬರುಗಳು ಊರಿಂದೂರಿಗೆ ಸಾಲಾಗಿ ಹೋಗಬಾರದು. ಮೊದಲ ಅರವತ್ತು ಒಂದೇ ತಾಂಡಾದ್ದಾದರೆ ನಂಬರೇ ಊರನ್ನು ಹೇಳಿಬಿಡುತ್ತದೆ. ಕಲೆಸಿ ಕೊಡಬೇಕು. ನಾವು ಕಲೆಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಧ್ಯಯನದ ಡೇಟಾ ಇನ್ನೂ ಬಳಕೆಯಲ್ಲಿದೆ.

ನಂಬರ್ ಅಚ್ಚು ಹಾಕಿದ ಸ್ಟಿಕರಿನಲ್ಲಿ ಎರಡು ಸಲ ಕೈ ಸುಟ್ಟುಕೊಂಡೆವು. ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರಿನದು ಅಗ್ಗ, ಆದರೆ ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಕಟ್ಟು ಪೂರ್ತಿ ಕಪ್ಪಾಯಿತು. ಇಂಕ್‌ಜೆಟ್ಟಿನದು ಬೆವರಿಗೆ ಹರಡಿತು. ಲೇಸರ್ ಪ್ರಿಂಟೇ ಸರಿ, ಎ4 ಹಾಳೆಗೆ 65 ಚಿಕ್ಕ ಚೀಟಿ ಬರುವಂಥದ್ದು. ರಿಜಿಸ್ಟರಿಗೆ ಜೆಲ್ ಪೆನ್ ಬೇಡ, ಬಾಲ್ ಪೆನ್. ಟ್ರಂಕು ಗೋಡೆಗೆ ತಾಗದಂತೆ ಇಟ್ಟಿಗೆ ಮೇಲಿರಲಿ, ಗೆದ್ದಲಿಗೆ ಗೌಪ್ಯತೆ ಗೊತ್ತಿಲ್ಲ.

ಇನ್ನೊಂದು ತಪ್ಪು ಬಹಳ ದಿನ ಕಣ್ಣಿಗೇ ಬೀಳಲಿಲ್ಲ. ಒಪ್ಪಿಗೆ ಪತ್ರದ ಮೇಲೂ ಅದೇ ಸ್ಟಿಕರ್ ಅಂಟಿಸುತ್ತಿದ್ದೆವು. ಅದರ ಮೇಲೆ ಹೆಸರೂ ಇರುತ್ತದೆ, ಹೆಬ್ಬೆಟ್ಟೂ ಇರುತ್ತದೆ. ನಂಬರೂ ಬಂದರೆ ಅದು ಇನ್ನೊಂದು ರಿಜಿಸ್ಟರೇ ಆಯಿತಲ್ಲ! ಈಗ ರಿಜಿಸ್ಟರಿನ ಪುಟ, ಸಾಲು ಮಾತ್ರ ಬರೆಯುತ್ತೇವೆ. ಹೆಬ್ಬೆಟ್ಟಿಗೆ ಜನ ಹಿಂದೆಮುಂದೆ ನೋಡುವುದು ಸಹಜ. ಹೊಲದ ಕಾಗದ, ಸಂಘದ ಸಾಲ ನೋಡಿದವರು. ಓದು ಬಾರದವರಿದ್ದರೆ ಓದು ಬಲ್ಲ, ನಮ್ಮ ಕಡೆಯವರಲ್ಲದ ಒಬ್ಬ ಸಾಕ್ಷಿ ಬೇಕು. ಅಂಗನವಾಡಿ ಅಕ್ಕೋರನ್ನು ಸಾಕ್ಷಿ ಮಾಡಬೇಡಿ. ಅವರ ಎದುರು ತಾಯಂದಿರು 'ಒಲ್ಲೆ' ಅನ್ನುವುದಿಲ್ಲ.

ಒಪ್ಪಿಗೆ ಪತ್ರದ ಮೊದಲ ಪ್ರತಿಯಲ್ಲಿ 'ದತ್ತಾಂಶ', 'ಗೌಪ್ಯತೆ', 'ಅನಾಮಧೇಯ' ಎಲ್ಲ ಇತ್ತು. ಒಬ್ಬರಿಗೂ ತಿಳಿಯಲಿಲ್ಲ. ಈಗ ಓದುವುದು ಹೀಗೆ: "ಯವ್ವಾ, ನಿನ್ ಹೆಸರು ಒಂದ್ ಬುಕ್ಕಿನ್ಯಾಗ ಇರ್ತದ, ನೀ ಹೇಳಿದ್ದು ಬ್ಯಾರೆ ಕಡಿ ಇರ್ತದ. ಎರಡೂ ಕೂಡಿಸಿ ಯಾರಿಗೂ ಕೊಡಂಗಿಲ್ಲ. ಇದ್ರಿಂದ ರೇಷನ್ ಹೆಚ್ಚಾಗಂಗಿಲ್ಲ, ಕಡಿಮೀನೂ ಆಗಂಗಿಲ್ಲ. ಬ್ಯಾಡ ಅನಿಸಿದ್ರ ನಾಳಿ ಹೇಳಿದ್ರೂ ತೆಗೀತೀವಿ." ದಖನಿಯಲ್ಲಿ, ಲಂಬಾಣಿಯಲ್ಲಿ, ಗುರುಮಠಕಲ್ ಕಡೆಗೆ ತೆಲುಗಿನಲ್ಲಿ ಬೇರೆ ಬೇರೆ. ರೇಷನ್ನಿನ ಮಾತು ಇರದಿದ್ದರೆ ಆಧಾರ್ ಜೆರಾಕ್ಸ್ ತಂದು ಮುಂದಿಡುತ್ತಾರೆ. ಹೆಸರಿನ ಸ್ಪೆಲ್ಲಿಂಗಿಗೆ ಅಂತ ನಮ್ಮವರೇ ಕಾರ್ಡಿನ ಫೋಟೊ ಹೊಡೆದುಕೊಂಡದ್ದೂ ಆಯಿತು. ಸ್ವಂತ ಫೋನಿನಲ್ಲಿ ಹೊಡೆದರೆ ಅದು ರಾತ್ರಿಯೇ ಗೂಗಲ್ ಬ್ಯಾಕಪ್ಪಿಗೆ. ಹಾಗಾಗಿ ಸಿಮ್ ಇಲ್ಲದ ಹಳೇ ಫೋನು ಎಂಟು ಕೊಂಡೆವು, ಒಂದಕ್ಕೆ ಐದಾರು ಸಾವಿರ, ಕ್ಯಾಮೆರಾ ಮೇಲೆ ಟೇಪು.

ಫೋನಿನಲ್ಲಿ ಒಡಿಕೆ ಕಲೆಕ್ಟ್ ಅನ್ನುವ ಫಾರ್ಮು ತುಂಬುವ ಆ್ಯಪ್, ಫಾರ್ಮು ಕೀಲಿ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿದ್ದು. ಎಚ್ಚರ: ಡ್ರಾಫ್ಟ್ ಆಗಿ ಉಳಿಸಿದ್ದು ಎನ್‌ಕ್ರಿಪ್ಟ್ ಆಗುವುದಿಲ್ಲ, ಫೈನಲ್ ಮಾಡಿದಾಗಲೇ ಆಗುವುದು. 'ಸಂಜಿ ಮುಗಸ್ತೀನಿ' ಅಂತ ಬಿಟ್ಟ ಡ್ರಾಫ್ಟುಗಳೇ ಅಪಾಯ. ಕೀಲಿಯ ಫೈಲ್ ಕಳೆದರೆ ದೇವರೂ ತೆರೆಯಲಾರ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಅರವತ್ತು ಚಿಲ್ಲರೆ ಫಾರ್ಮು ಹಾಗೇ ಹೋದವು, ಮತ್ತೆ ಅದೇ ಮನೆಗಳಿಗೆ ನಡೆಯಬೇಕಾಯಿತು. ಈಗ ಕೀಲಿ ಎರಡು ಪೆನ್‌ಡ್ರೈವಿನಲ್ಲಿ, ಎರಡೂ ಬೀದರಿನಲ್ಲಿ. ಟ್ರಂಕು ಕಲಬುರಗಿಯಲ್ಲಿ. ಟ್ರಂಕು ತೆರೆಯುವವನ ಕೈಗೆ ಕೀಲಿ ಸಿಗಬಾರದು.

ಮೊಬೈಲ್ ನಂಬರನ್ನು ಹ್ಯಾಶ್ ಮಾಡಿ, ಅಂದರೆ ಲೆಕ್ಕದ ಸೂತ್ರದಿಂದ ಗುರುತು ಸಿಗದ ಅಕ್ಷರಮಾಲೆಯಾಗಿ ಬದಲಿಸಿ, ಜೋಡಿಸೋಣ ಅನ್ನುವ ಸಲಹೆಯೂ ಬಂತು, ಸೂತ್ರದ ಹೆಸರು ಎಸ್‌ಎಚ್‌ಎ-256. ನಮ್ಮ ಮೊಬೈಲ್ ನಂಬರು 6, 7, 8, 9ರಿಂದ ಶುರುವಾಗುವ ಹತ್ತು ಅಂಕಿ, ಒಟ್ಟು ಸಾಧ್ಯತೆ 400 ಕೋಟಿ. ಹಳೇ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದೆವು, ಒಂದು ಮಧ್ಯಾಹ್ನದಲ್ಲಿ ಎಲ್ಲ ಹ್ಯಾಶೂ ಬಿಚ್ಚಿಕೊಂಡವು. ಗುಟ್ಟಿನ ಕೀಲಿ ಸೇರಿಸದ ಹ್ಯಾಶು ಜಾಳು ಪರದೆ. ಹೆಸರಿನ ಹ್ಯಾಶು ಇನ್ನೂ ಕಡೆ: ಮಹಮ್ಮದ್, ಮೊಹಮ್ಮದ್, ಎಂ.ಡಿ. ಮೂರೂ ಬೇರೆಯಾಗುತ್ತವೆ. ಜನ್ಮದಿನವೂ ಉಪಯೋಗಕ್ಕಿಲ್ಲ, ಶಾಲೆಯವರು ಬರೆದ ಜೂನ್ 1ರಂದೇ ಅರ್ಧ ಊರು ಹುಟ್ಟಿರುತ್ತದೆ.

ಜಾತಿಯ ಕಾಲಮ್ ತೆಗೆದರೆ ಸಾಕು ಅಂದುಕೊಳ್ಳುವವರು ನಮ್ಮ ಕಡೆಯ ಅಡ್ಡಹೆಸರು ನೋಡಿಲ್ಲ. ಕುಂಬಾರ, ಬಡಿಗೇರ, ಹಡಪದ, ಮಡಿವಾಳ. ಹೆಸರು ಹೋದರೂ ಕಸುಬು ಉಳಿದರೆ ಅದೇ ಕಥೆ. ಊರಿಗೆ ಒಂದೇ ಕುಂಬಾರರ ಮನೆ. ಐದಕ್ಕಿಂತ ಕಡಿಮೆ ಮನೆ ಇರುವ ಗುಂಪನ್ನು 'ಇತರೆ'ಗೆ ಸೇರಿಸಿದೆವು. ಜಿಪಿಎಸ್ ಎರಡು ದಶಾಂಶಕ್ಕೆ ಕತ್ತರಿಸಿದರೆ ಸುಮಾರು ಒಂದು ಕಿಲೋಮೀಟರಿನ ಮಸುಕು ಬರುತ್ತದೆ. ಒಂಟಿ ತಾಂಡಾಕ್ಕೆ ಅದೂ ಸಾಲದು. ಕೊನೆಗೆ ಆಸ್ಪತ್ರೆಯಿಂದ ಎಷ್ಟು ದೂರ ಅನ್ನುವುದನ್ನಷ್ಟೇ ಉಳಿಸಿ ಉಳಿದದ್ದನ್ನು ಅಳಿಸಿದೆವು.

ವಲಸೆ ಹೋದವರನ್ನು ಹುಡುಕಲು ಪಕ್ಕದ ಮನೆಯವರ ಫೋನ್ ನಂಬರ್ ಬರೆದುಕೊಂಡದ್ದು ತಪ್ಪು. ಆ ನಂಬರಿನವರು ಒಪ್ಪಿಗೆ ಕೊಟ್ಟಿಲ್ಲ. ಈಗ ನಮ್ಮ ನಂಬರಿನ ಚೀಟಿ ಕೊಡುತ್ತೇವೆ, ಊರಿಗೆ ಬಂದಾಗ ಮಿಸ್ಡ್ ಕಾಲ್ ಕೊಡಲಿ. ಪಂಚಮಿ ವಾರದಲ್ಲಿ ಎಲ್ಲರೂ ಸಿಗುತ್ತಾರೆ ಅಂತ ತಂಡ ಕಳಿಸಿ ಪೇಚಿಗೆ ಬಿದ್ದೆವು. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿದ್ದರು, ಮಕ್ಕಳೂ ಅವರ ಹಿಂದೆಯೇ.

ಕಾನೂನಿನ ಮಾತು ಎರಡೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಆ ಡೇಟಾ ನೋಡಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡುವಂತಿಲ್ಲ. ಕಚೇರಿಯೊಂದರವರು ತೂಕ ಕಡಿಮೆ ಇರುವ ಮಕ್ಕಳ ಪಟ್ಟಿ ಕೇಳಿದರು, ಒಳ್ಳೆಯ ಉದ್ದೇಶಕ್ಕೇ. ಕೊಡಲಿಲ್ಲ. ಮಗು ತೀರಾ ಸೊರಗಿದ್ದರೆ ತೂಗಿದ ಆ ಹೊತ್ತಿಗೇ ತಾಯಿಗೆ ಹೇಳಿ, ಪೌಷ್ಟಿಕ ಪುನಶ್ಚೇತನ ಕೇಂದ್ರದ ವಿಳಾಸ ಕೊಟ್ಟು ಬರುತ್ತೇವೆ. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಹೆಸರು ತೆಗೆಯುವುದಿಲ್ಲ.

ಹೆಸರು ತೆಗೆಯಿರಿ ಅಂದವರು ಒಟ್ಟು ಒಂಬತ್ತು ಮಂದಿ. ಟ್ರಂಕಿನಲ್ಲಿ ಸಾಲು ಹುಡುಕಿ, ನಂಬರನ್ನು ಮಾತ್ರ ಉಳಿದ ಮೂರು ಸಂಸ್ಥೆಗೆ ಫೋನಿನಲ್ಲಿ ಹೇಳಿ, ಅವರು ಅಳಿಸಿದ ಮೇಲೆ ಸಾಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯುವುದು. ಪೆನ್ನಿನಿಂದ ಗೀಟು ಹಾಕಿದರೆ ಬೆಳಕಿಗೆ ಹಿಡಿದು ಓದಬಹುದು.

ಪ್ರಯೋಗದ ಸುತ್ತಿನ ರಿಜಿಸ್ಟರನ್ನು ಮುಗಿಸಿದ್ದು ಹೀಗೆ. ಪಟ್ಟಿಪಟ್ಟಿಯಾಗಿ ಕತ್ತರಿಸುವ ಶ್ರೆಡರ್ ಬೇಡ, ಜೋಡಿಸಿ ಓದಬಹುದು. ಸುಡಲು ಹೋದರೆ ಅರೆಬೆಂದ ಹಾಳೆ ಗಾಳಿಗೆ ಹಾರುತ್ತದೆ. ರಟ್ಟು ಕಿತ್ತು, ಹೊಲಿಗೆ ಬಿಚ್ಚಿ, ಹಾಳೆ ಚೂರು ಮಾಡಿ ನೀರಿನ ಡ್ರಮ್ಮಿನಲ್ಲಿ ಎರಡು ರಾತ್ರಿ ನೆನೆಹಾಕಿ, ಕೋಲಿನಿಂದ ಕುಟ್ಟಿದೆವು. ಬಾಲ್ ಪೆನ್ನಿನ ಶಾಯಿ ನೀರಿಗೆ ಬಿಡುವುದಿಲ್ಲ, ಹಾಳೆಯೇ ಹಿಟ್ಟಾಗಬೇಕು. ಸ್ಟಿಕರು ಮಾತ್ರ ಕರಗದೆ ಮೇಲೆ ತೇಲುತ್ತವೆ. ಅವನ್ನು ಜರಡಿಯಲ್ಲಿ ಸೋಸಿ ಒಂದೊಂದಾಗಿ ಕತ್ತರಿಯಲ್ಲಿ ಕತ್ತರಿಸಬೇಕು.