ಇಳಿಜಾರಿಗೆ ಬ್ಲೂ ರಗ್ ಜುನಿಪರ್

ಅಮೆರಿಕದಲ್ಲಿ ಮನೆಮುಂದಿನ ಇಳಿಜಾರಿನಲ್ಲಿ ಹುಲ್ಲು ಕತ್ತರಿಸಿ ಸಾಕಾಗಿದ್ದರೆ ನೆಲಕ್ಕೆ ಹಬ್ಬುವ ನಿತ್ಯಹಸಿರು ಪೊದೆ ಬ್ಲೂ ರಗ್ ಜುನಿಪರ್ ಹಾಕಿ. ಎತ್ತರ ಅರ್ಧ ಅಡಿ ಅಷ್ಟೇ, ಹರಡುವುದು 6-8 ಅಡಿ. ನರ್ಸರಿ ಕುಂಡದಲ್ಲಿ ಪುಟ್ಟದಾಗಿ ಕಂಡಿತೆಂದು ಒತ್ತೊತ್ತಾಗಿ ನೆಡಬೇಡಿ. ಗಿಡದಿಂದ ಗಿಡಕ್ಕೆ 5 ಅಡಿ ಇರಲಿ. ಒತ್ತಾದರೆ ಗಾಳಿಯಾಡದೆ ತುದಿಗಳು ಶಿಲೀಂಧ್ರದಿಂದ ಕಂದಾಗುತ್ತವೆ.

ಕುಳಿ ಬೇರುಮುದ್ದೆಯ ಎರಡರಷ್ಟು ಅಗಲ, ಆಳ ಮಾತ್ರ ಬೇರುಮುದ್ದೆಯಷ್ಟೇ ಇರಲಿ. ಸುತ್ತಿಕೊಂಡ ಬೇರು ಬಿಡಿಸಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು. ಜಿಗುಟು ಮಣ್ಣಾದರೆ ದಿಬ್ಬ ಮಾಡಿ ನೆಡಿ. ಈ ಗಿಡ ಬರಕ್ಕಿಂತ ನಿಂತ ನೀರಿಗೇ ಹೆಚ್ಚು ಬಲಿ, ಬೇರು ಕೊಳೆಯುತ್ತದೆ. ಮೊದಲ ವರ್ಷ ಮಳೆಯಿಲ್ಲದ ವಾರಕ್ಕೊಮ್ಮೆ ಆಳವಾಗಿ ನೀರುಣಿಸಿ. ಮೊದಲೆರಡು ವರ್ಷ ಕಳೆ ಕೀಳುವುದು ತಪ್ಪದು, ಮುಳ್ಳೆಲೆ ಚುಚ್ಚುತ್ತದೆ, ಕೈಗವಸು ಇರಲಿ.

ಕತ್ತರಿಸುವಾಗ ಹಸಿರಿರುವ ಭಾಗದಲ್ಲೇ ನಿಲ್ಲಿಸಿ. ಎಲೆಯಿಲ್ಲದ ಹಳೆ ಕಾಂಡ ಮತ್ತೆ ಚಿಗುರುವುದಿಲ್ಲ. ಚಳಿಗಾಲದಲ್ಲಿ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರೋಗವಲ್ಲ.