ಕರಟದ ಡಬ್ಬಿ ಒಲೆಯಲ್ಲಿ ಕುಚ್ಚಲಕ್ಕಿ ಬೇಯಿಸಿದ್ದು

ತಗಡಿನ ಡಬ್ಬಿಗಳಿಂದ ಮಾಡಿದ ಒಲೆಯ ಮೇಲೆ ಚಾ ಕಾಸುವುದು ಯಾರಿಂದಲೂ ಆಗುತ್ತದೆ. "ನಾಲ್ಕು ಜನಕ್ಕೆ ಕುಚ್ಚಲಕ್ಕಿ ಬೇಯಿಸಿ ತೋರಿಸು, ಆಮೇಲೆ ಮಾತಾಡು" ಅಂತ ಭಾವ ಹೇಳಿದ್ದರು. ಈಗ ಅವರ ಮನೆಯಲ್ಲೂ ಅಂಥದ್ದೇ ಒಲೆ ಇದೆ, ಅದೂ ನಾನೇ ಮಾಡಿಸಿಕೊಟ್ಟಿದ್ದು.

ನಮ್ಮದು ಅಂಕೋಲಾ ತಾಲ್ಲೂಕಿನ ಒಳಗಿನ ಹಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಹೋಯಿತು, ಹೆದ್ದಾರಿ ಬಂದಾಯಿತು. ಅದರ ಮುಂದೆ ನಮ್ಮ ಅಡುಗೆಮನೆಯ ತಾಪತ್ರಯ ಏನೂ ಅಲ್ಲ. ಆದರೂ ಆ ವಾರ ಸಿಲಿಂಡರ್ ಖಾಲಿ, ಕರೆಂಟಿಲ್ಲ, ಕಟ್ಟಿಗೆಯೆಲ್ಲ ಥಂಡಿ ಹಿಡಿದಿತ್ತು, ಗೋಬರ್ ಗ್ಯಾಸ್ ಮಳೆಗಾಲದಲ್ಲಿ ಎಂದಿನಂತೆ ಅರ್ಧಕ್ಕೆ ಇಳಿದಿತ್ತು. ಅಟ್ಟದ ಮೇಲೆ ಒಣಗಿದ್ದು ಅಂದರೆ ತೆಂಗಿನ ಕರಟ ಒಂದೇ.

ಅದನ್ನು ಉರಿಸಲೆಂದೇ ಡಬ್ಬಿ ಒಲೆಗೆ ಕೈ ಹಾಕಿದೆ. ಒಂದು ಡಬ್ಬಿಯೊಳಗೆ ಇನ್ನೊಂದನ್ನು ಇಳಿಸಿ, ಒಳಡಬ್ಬಿಗೆ ಉರುವಲು ತುಂಬಿ ಮೇಲಿನಿಂದ ಹೊತ್ತಿಸುವುದು; ಎರಡು ಗೋಡೆಗಳ ನಡುವೆ ಬಿಸಿಯಾದ ಗಾಳಿ ಒಳಡಬ್ಬಿಯ ಮೇಲಿನ ತೂತುಗಳಿಂದ ನುಗ್ಗಿ ಹೊಗೆಯನ್ನೇ ಉರಿಸುತ್ತದೆ. ನನ್ನ ಮೊದಲನೆಯದು ಹಾಲಿನ ಪುಡಿ ಡಬ್ಬಿಯನ್ನು ನಾಲ್ಕು ಲೀಟರ್ ಪೇಂಟ್ ಡಬ್ಬಿಯೊಳಗೆ ಇಳಿಸಿದ್ದು. ಖರ್ಚು ಶೂನ್ಯ, ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ: ಒಂದೇ ಮಳೆಗಾಲಕ್ಕೆ ಒಳಡಬ್ಬಿಯ ಗೋಡೆ ಹಪ್ಪಳದಂತೆ ಮುರಿಯತೊಡಗಿತು. ಎರಡನೆಯದನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಸ್ಟೀಲ್ ಅಂತ ಹೇಳಿ ಜಿಐ ಶೀಟ್, ಅಂದರೆ ಸತು ಬಳಿದ ಕಬ್ಬಿಣದ ತಗಡು, ಹಾಕಿ ಕೊಟ್ಟಿದ್ದರು. ಹೊತ್ತಿಸಿದ ಕೂಡಲೇ ಬಿಳಿ ಹೊಗೆ ಎದ್ದಿತು. ಅದು ಸತುವಿನ ಹೊಗೆ, ಕುಡಿದರೆ ಜ್ವರ ಬರುತ್ತದೆ. ಸುಮಾರು ₹900 ನೀರಿಗೆ ಹೋಯಿತು. ಮೂರನೆಯದಕ್ಕೆ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಶೀಟ್ ನಾನೇ ಹುಬ್ಬಳ್ಳಿಯಿಂದ ತಂದು, ಎದುರಿಗೇ ನಿಂತು ಮಾಡಿಸಿದೆ. ಕೂಲಿ ಸೇರಿ ₹1,500 ಆಸುಪಾಸು ಆಗಿರಬೇಕು. ಅದೇ ಈಗಲೂ ಇದೆ.

ಉರುವಲಿನ ಗೋಳು ಬೇರೆ. ಅಡಿಕೆ ಸಿಪ್ಪೆ ಪುಕ್ಕಟೆ ಸಿಗುತ್ತದೆ, ಆದರೆ ನಾರು ನಾರಾಗಿ ಒತ್ತಿಕೊಂಡು ಗಾಳಿ ಬಿಡುವುದಿಲ್ಲ. ಮರದ ಪುಡಿಯದೂ ಅದೇ ಕತೆ. ಗೇರುಬೀಜದ ಸಿಪ್ಪೆಯನ್ನೂ ಒಂದು ಚೀಲ ತಂದೆ. ಅಬ್ಬಾ, ಏನು ಉರಿ! ಎಣ್ಣೆ ಹತ್ತಿಕೊಂಡು ಗೊರ್ರೆನ್ನುತ್ತದೆ. ಆದರೆ ಆ ಹೊಗೆಗೆ ಕಣ್ಣು ಗಂಟಲು ಎರಡೂ ಉರಿದವು, ಪಾತ್ರೆಯ ತಳಕ್ಕೆ ಡಾಂಬರು ಬಳಿದಂತಾಯಿತು. ಅಮ್ಮ ಪಾತ್ರೆಯನ್ನು ಅಂಗಳಕ್ಕೆಸೆದು, "ಇನ್ನು ನನ್ನ ಪಾತ್ರೆ ಮುಟ್ಟಬೇಡ ತಮಾ" ಅಂದರು. ಉಳಿದ ಸಿಪ್ಪೆ ಬಚ್ಚಲೊಲೆಗೂ ಬೇಡವಾಯಿತು.

ಕರಟ ಗೆದ್ದಿದ್ದು ಚೂರಿನ ಗಾತ್ರದಿಂದ. ಹೆಬ್ಬೆರಳ ಉಗುರಿನಷ್ಟು ಒಡೆಯಬೇಕು, ಮೇಲಿನ ಜುಂಗು ಕೆರೆದಿರಬೇಕು. ಅರ್ಧ ಕಿಲೋ ತುಂಬಿದರೆ ಮುಕ್ಕಾಲು ಗಂಟೆಯ ಹತ್ತಿರ ಉರಿ ಬರುತ್ತದೆ, ಲೀಟರ್ ನೀರು ಎಂಟು ನಿಮಿಷದೊಳಗೆ ಕುದಿಯುತ್ತದೆ. ಹೊತ್ತಿಸಲು ಎರಡು ಬಿಲ್ಲೆ ಕರ್ಪೂರ, ಅದರ ಜೊತೆ ಇನ್ನೊಂದು ಪುಡಿ. ಅದೇನೆಂದು ಭಾವನಿಗೂ ಹೇಳಿಲ್ಲ.

ಹಳೇ ಕಂಪ್ಯೂಟರಿನ ಫ್ಯಾನನ್ನು ಪವರ್ ಬ್ಯಾಂಕಿಗೆ ಜೋಡಿಸಿಯೂ ನೋಡಿದೆ. 12 ವೋಲ್ಟಿನದು 5 ವೋಲ್ಟಿಗೆ ಮೆಲ್ಲಗೆ ತಿರುಗಿದರೂ ಜ್ವಾಲೆ ನೀಲಿ ಬಣ್ಣಕ್ಕೆ ಹತ್ತಿರ ಬರುತ್ತದೆ. ಆದರೆ ಕರೆಂಟಿಲ್ಲದ ದಿನ ಮೊಬೈಲಿಗೇ ಚಾರ್ಜ್ ಸಾಲದಾಗ ಒಲೆಗೆಲ್ಲಿಂದ ಕೊಡುವುದು? ಕಿತ್ತು ಹಾಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ರೂಪುಗೊಂಡ ಊರ್ಜಾ ಒಲೆಗೂ ಫ್ಯಾನಿತ್ತು. ಒಲೆ ಚೆನ್ನಾಗಿಯೇ ಇತ್ತು, ಆದರೆ ಅದರ ಉರುವಲಾದ ಪೆಲೆಟ್, ಅಂದರೆ ಬೆಳೆಯ ಕಸ ಒತ್ತಿ ಮಾಡಿದ ಗುಳಿಗೆ, ಕೊಂಡು ತರಬೇಕಿತ್ತು. ಮನೆಯಲ್ಲಿ ಬಿದ್ದಿರುವುದನ್ನು ಉರಿಸದ ಒಲೆ ಆಪತ್ತಿಗೆ ಆಗುವುದಿಲ್ಲ ಎಂಬುದು ನನ್ನ ಹಟ.

ಕುಚ್ಚಲಕ್ಕಿಯ ಪೇಚು ಬೇರೆ ಇತ್ತು. ಒಂದು ತುಂಬಿನ ಉರಿ ಅದಕ್ಕೆ ಸಾಲದು, ನಡುವೆ ಕರಟ ಸುರಿದರೆ ಹೊಗೆಯೋ ಹೊಗೆ. ರಾತ್ರಿಯೇ ನೆನೆಹಾಕಿ, ಇಪ್ಪತ್ತು ನಿಮಿಷ ಕೊತಕೊತ ಕುದಿಸಿ, ಮುಚ್ಚಳ ತೆಗೆಯದೆ ಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಕಂಬಳಿ ಹೊದಿಸಿದೆ. ಒಂದೂವರೆ ಗಂಟೆ ಬಿಟ್ಟು ತೆಗೆದರೆ ಅಗುಳು ಹದವಾಗಿ ಬಿರಿದಿತ್ತು. ಉಳಿದ ಉರಿಯಲ್ಲಿ ಸಾರೂ ಆಯಿತು. ಭಾವ ಎರಡನೇ ಸಲ ಬಡಿಸಿಕೊಂಡರು, ಬಾಯಿ ಮಾತ್ರ ಬಿಡಲಿಲ್ಲ.

ಜ್ವಾಲೆ ಇಳಿದು ಕೆಂಡ ಉಳಿದಾಗ ಒಲೆಯನ್ನು ಜಗಲಿಯಿಂದಾಚೆ ಇಡಿ. ಆಗಲೇ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾನು ಕೆಂಡವನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಸುರಿದು ಆರಿಸುತ್ತೇನೆ. ಕರಟದ ಇದ್ದಿಲಿಗೆ ಪೇಟೆಯ ಇಸ್ತ್ರಿಯವನು ಕಾಯುತ್ತಿರುತ್ತಾನೆ. ದುಡ್ಡು ಕೊಡುವುದಿಲ್ಲ, ನನ್ನ ಅಂಗಿಗಳ ಇಸ್ತ್ರಿ ಪುಕ್ಕಟೆ.

ಚಾರಣಕ್ಕೆ ಇದನ್ನು ಒಯ್ಯುವುದಿಲ್ಲ, ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ. ಊರ ಹೊರಗೆ ಕಾರಿನಲ್ಲಿ ಹೋದಾಗ ಬ್ಯೂಟೇನ್ ಕ್ಯಾನಿನ ಒಲೆಯೇ ಸೈ. 220 ಗ್ರಾಮಿನ ಕ್ಯಾನು ದೊಡ್ಡ ಉರಿಯಲ್ಲಿ ಒಂದೂವರೆ ಗಂಟೆ ಬರುತ್ತದೆ, ಇನ್ನೂರು ರೂಪಾಯಿಯ ಹತ್ತಿರ ಬೀಳುತ್ತದೆ. ಹಿಮಾಲಯದ ಕಡೆ ಹೋಗುವವರು ಮಾತ್ರ ಪ್ರೊಪೇನ್ ಬೆರೆತದ್ದನ್ನೇ ಒಯ್ಯಿರಿ, ಬರೀ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಿ ಏಳುವುದೇ ಇಲ್ಲ.

ಅಳತೆ ಬೇಕಾದವರಿಗೆ: ಒಳಡಬ್ಬಿ ಸುಮಾರು 13 ಸೆಂ.ಮೀ. ಅಗಲ, 18 ಎತ್ತರ. ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಎರಡು ಬೆರಳು ಸಂದು. ಮೇಲಿನ ತೂತುಗಳನ್ನು ನೇರ ಕೊರೆಯದೆ ಓರೆಯಾಗಿ ಕೊರೆಸಿದ್ದೇನೆ. ಎಷ್ಟು ಓರೆ ಎಂಬುದನ್ನು ನೀವೇ ಎರಡು ಡಬ್ಬಿ ಹಾಳುಮಾಡಿ ಕಂಡುಕೊಳ್ಳಿ.