ಭಾರ ಹೊರುವುದು ನಾರೋ, ಮ್ಯಾಟ್ರಿಕ್ಸೋ: ಸಿಲಿಕಾನ್ ಕಾರ್ಬೈಡ್ ಸಂಯೋಜಿತ ವಸ್ತುವಿನ ಕ್ರೀಪ್ ಪರೀಕ್ಷೆ

ಸಿಲಿಕಾನ್ ಕಾರ್ಬೈಡ್ ಮ್ಯಾಟ್ರಿಕ್ಸಿನಲ್ಲಿ (ನಾರುಗಳನ್ನು ಸುತ್ತುವರಿದು ಹಿಡಿದಿಡುವ ವಸ್ತು) ಅದೇ ವಸ್ತುವಿನ ನಾರುಗಳನ್ನು ಹುದುಗಿಸಿದ ಸಂಯೋಜಿತ ವಸ್ತುವನ್ನು (ಕಾಂಪೊಸಿಟ್) 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರ ಭಾರಕ್ಕೆ ಒಡ್ಡಿದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ. ಈ ನಿಧಾನದ ಹಿಗ್ಗೇ ಕ್ರೀಪ್. ಲೋಹಗಳ ಕ್ರೀಪ್ ಪರೀಕ್ಷೆಯಲ್ಲಿ ಪಳಗಿದವರೂ ಇಲ್ಲಿ ಎಡವುವುದುಂಟು; ಹಿಗ್ಗಿದ್ದನ್ನು ಅಳೆಯುತ್ತಾರೆ, ಆ ಹೊತ್ತಿನಲ್ಲಿ ಭಾರ ಹೊತ್ತಿದ್ದು ನಾರೋ ಮ್ಯಾಟ್ರಿಕ್ಸೋ ಎಂದು ವಿಚಾರಿಸುವುದಿಲ್ಲ.

ಆದ್ದರಿಂದ ಮೊದಲು ಅದೇ ಫಲಕದಿಂದ ಕತ್ತರಿಸಿದ ಇನ್ನೊಂದು ಮಾದರಿಯನ್ನು ಅದೇ ತಾಪದಲ್ಲಿ ಎಳೆದು, ಸ್ಟ್ರೆಸ್ (ಅಡ್ಡಕೊಯ್ತದ ಘಟಕ ವಿಸ್ತೀರ್ಣಕ್ಕೆ ಬೀಳುವ ಬಲ) ಮತ್ತು ಸ್ಟ್ರೈನ್ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) ರೇಖೆ ಎಲ್ಲಿ ಬಾಗುತ್ತದೆಂದು ಗುರುತಿಸಿ, ಆ ಮಿತಿಯ ಕೆಳಗೊಂದು ಮತ್ತು ಮೇಲೊಂದು ಸ್ಟ್ರೆಸ್ ಆರಿಸಿಕೊಳ್ಳಬೇಕು. ಮಿತಿ ದಾಟಿದರೆ ಮ್ಯಾಟ್ರಿಕ್ಸ್ ಬಿರುಕು ಬಿಡುತ್ತದೆ, ಬಿರುಕಿನ ಅಡ್ಡಲಾಗಿ ನಿಂತ ನಾರುಗಳೇ ಇಡೀ ಭಾರ ಹೊರುತ್ತವೆ, ಅದೇ ಬಿರುಕಿನಿಂದ ಒಳಹೊಕ್ಕ ಆಮ್ಲಜನಕ ನಾರು ಮ್ಯಾಟ್ರಿಕ್ಸಿನಿಂದ ಜಾರಿಕೊಳ್ಳಲು ಬಿಡುವ, ನಾರಿನ ಸುತ್ತಲಿನ ಬೋರಾನ್ ನೈಟ್ರೈಡ್ ಲೇಪವನ್ನು ತಿನ್ನತೊಡಗುತ್ತದೆ. ಬಿರುಕು ಬಿಟ್ಟ ಮಾದರಿಗೆ 800 ಡಿಗ್ರಿಯೂ ಕ್ಷೇಮವಲ್ಲ.

ಮಾದರಿಯ ಅಡ್ಡಕೊಯ್ತ 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪವಿದ್ದರೆ ಚದರ ಮಿ.ಮೀ.ಗೆ 100 ನ್ಯೂಟನ್, ಅಂದರೆ 100 ಮೆಗಾಪಾಸ್ಕಲ್‌ಗೆ 2000 ನ್ಯೂಟನ್ ಬೇಕು. ಹತ್ತಕ್ಕೊಂದರ ಸನ್ನೆಕೋಲಿನಲ್ಲಿ ಅದು ಸುಮಾರು 20.4 ಕಿಲೋಗ್ರಾಂ ತೂಕ. ತಾಪ ನೆಲೆಗೊಂಡ ಮೇಲೆಯೇ ತೂಕವನ್ನು ಕುಲುಕಿಲ್ಲದೆ ಇಳಿಸಬೇಕು.

ತಾಪದ ವಿಷಯದಲ್ಲಿ ಕಟ್ಟುನಿಟ್ಟೇ ಲೇಸು. ಕ್ರೀಪಿನ ಸಕ್ರಿಯಣ ಶಕ್ತಿ (ತಾಪ ಏರಿದಂತೆ ದರ ಎಷ್ಟು ಚುರುಕಾಗಿ ಏರುತ್ತದೆಂದು ಹೇಳುವ ಸಂಖ್ಯೆ) ಮೋಲ್‌ಗೆ 500 ಕಿಲೋಜೂಲ್ ಎಂದಿಟ್ಟುಕೊಂಡರೆ, 1200 ಡಿಗ್ರಿ ಎಂದು ತೋರುವ ಕುಲುಮೆ ನಿಜಕ್ಕೂ 1210 ಇದ್ದಾಗ ಕ್ರೀಪ್ ದರ ಸುಮಾರು ಶೇ. 32 ಹೆಚ್ಚು ಬರುತ್ತದೆ. ತಾಪ ಅಳೆಯುವ ಪ್ಲಾಟಿನಂ ಥರ್ಮೋಕಪಲ್ಲನ್ನು ಮಾದರಿಗೆ ಹತ್ತಿರ ಇಡಿ, ಆದರೆ ತಾಗಿಸಬೇಡಿ. ಸಿಲಿಕಾನ್ ಪ್ಲಾಟಿನಮ್ಮನ್ನು ಕೆಡಿಸುತ್ತದೆ. 25 ಮಿ.ಮೀ. ಅಳತೆಯುದ್ದದಲ್ಲಿ ಶೇ. 0.1ರ ಸ್ಟ್ರೈನ್ ಎಂದರೆ ಬರೀ 25 ಮೈಕ್ರೋಮೀಟರ್. ಹತ್ತು ಡಿಗ್ರಿಯ ಏರಿಳಿತವೊಂದೇ ಅದರಲ್ಲಿ ಒಂದು ಮೈಕ್ರೋಮೀಟರಿಗೂ ಮಿಗಿಲಾದ ಸುಳ್ಳು ಹಿಗ್ಗನ್ನು ಬೆರೆಸುತ್ತದೆ.

ದತ್ತಾಂಶ ಬಂದ ಮೇಲೆ ಕ್ರೀಪ್ ದರವನ್ನು ಕಾಲದೆದುರು ಲಾಗ್ ಮಾಪಕದಲ್ಲಿ ಬಿಡಿಸಿ. ಬೇಗ ಹಿಗ್ಗುವ ಘಟಕ ತನ್ನ ಪಾಲಿನ ಭಾರವನ್ನು ನಿಧಾನವಾಗಿ ಹಿಗ್ಗುವುದರ ಮೇಲೆ ಹೊರಿಸುತ್ತ ಹೋಗುವುದರಿಂದ ದರ ಬಹುಕಾಲ ಇಳಿಯುತ್ತಲೇ ಇರಬಹುದು; ರೇಖೆ ನಿಜಕ್ಕೂ ಸಮತಟ್ಟಾಗದೆ ‘ಸ್ಥಿರ ದರ’ ಎಂದು ಬರೆಯುವುದು ತಪ್ಪು. ಕರಗಿದ ಸಿಲಿಕಾನ್ ಹೀರಿಸಿ ತಯಾರಿಸಿದ ಸಂಯೋಜಿತ ವಸ್ತುವಾದರೆ, ಅದರಲ್ಲಿ ಉಳಿದ ಸಿಲಿಕಾನ್ 1414 ಡಿಗ್ರಿಯಲ್ಲಿ ಕರಗುವುದರಿಂದ, 1200ರ ಫಲಿತಾಂಶವನ್ನು ಅತ್ತ ಎಳೆಯಬಾರದು.

ಮಾದರಿ ಮುರಿಯದಿದ್ದರೆ ಭಾರ ಇಳಿಸಿ, ಬಿಸಿಯಲ್ಲೇ ಕೆಲವು ಗಂಟೆ ಬಿಟ್ಟು, ಎಷ್ಟು ಹಿಗ್ಗು ಮರಳಿತೆಂದು ದಾಖಲಿಸಿ. ಮುರಿದರೆ ಮುರಿದ ಮುಖವನ್ನು ಬೆರಳಿನಿಂದ ಮುಟ್ಟದೆ ಸೂಕ್ಷ್ಮದರ್ಶಕದಡಿ ಇಡಿ: ಹೊರಚಾಚಿದ ಉದ್ದ ನಾರುಗಳು ಕಂಡಲ್ಲಿ ಲೇಪ ಉಳಿದಿತ್ತು, ಅಂಚಿನ ಬಳಿ ನುಣ್ಣಗೆ ಚಪ್ಪಟೆಯಾಗಿ ಮುರಿದಿದ್ದರೆ ಅಲ್ಲಿಂದಲೇ ಗಾಳಿ ನುಗ್ಗಿರುವ ಸಾಧ್ಯತೆ ಹೆಚ್ಚು.